ಬಡ್ಡಿ ಇಳಿಯುತ್ತಿರುವಾಗ ಇಡುಗಂಟು ಎಲ್ಲಿಡಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಚಿಕ್ಕಮ್ಮ ಈಚೆಗೆ ಎರಡು ಠೇವಣಿ ರಸೀದಿಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದರು. ಹಳೆಯದರಲ್ಲಿ ಬಡ್ಡಿ ಶೇ 7.25, ನವೀಕರಿಸಿದ ಹೊಸದರಲ್ಲಿ ಶೇ 6.25. ಹತ್ತು ಲಕ್ಷ ರೂಪಾಯಿಗೆ ತಿಂಗಳಿಗೆ ಸುಮಾರು 6,040 ರೂಪಾಯಿ ಬರುತ್ತಿದ್ದದ್ದು 5,210ಕ್ಕೆ ಇಳಿದಿದೆ. ಕಡಿಮೆಯಾದ ಎಂಟುನೂರು ಚಿಲ್ಲರೆ ರೂಪಾಯಿ ಅವರ ಬಿಪಿ ಮತ್ತು ಸಕ್ಕರೆ ಕಾಯಿಲೆಯ ಮಾತ್ರೆಗಳ ತಿಂಗಳ ಖರ್ಚು. ಈ ಪ್ರಶ್ನೋತ್ತರವನ್ನು ಅವರಂಥವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಇಲ್ಲಿರುವ ದರಗಳು 2025ರ ಕೊನೆಯ ಹೊತ್ತಿನವು. ಹಣ ಇಡುವ ದಿನ ಆ ದಿನದ ದರವನ್ನು ಕೌಂಟರಿನಲ್ಲಿ ಕೇಳಿಕೊಂಡೇ ಮುಂದುವರಿಯಿರಿ.

ಬ್ಯಾಂಕುಗಳು ಬಡ್ಡಿ ಇಳಿಸುತ್ತಿರುವುದು ಏಕೆ?

ರಿಸರ್ವ್ ಬ್ಯಾಂಕ್ ಇತರ ಬ್ಯಾಂಕುಗಳಿಗೆ ಅಲ್ಪಾವಧಿ ಸಾಲ ಕೊಡುವ ದರಕ್ಕೆ ರೆಪೊ ಎಂದು ಹೆಸರು. 2025ರ ಆರಂಭದಲ್ಲಿ ಅದು ಶೇ 6.50 ಇತ್ತು. ಫೆಬ್ರುವರಿಯಲ್ಲಿ 6.25, ಏಪ್ರಿಲ್‌ನಲ್ಲಿ 6, ಜೂನ್‌ನಲ್ಲಿ 5.50, ಡಿಸೆಂಬರ್‌ನಲ್ಲಿ 5.25 ಆಯಿತು. ಬೆಲೆ ಏರಿಕೆಯ ವೇಗ ತಗ್ಗಿದ್ದು ಇದಕ್ಕೆ ಮುಖ್ಯ ಕಾರಣ. ಆ ಜೂನ್‌ನಲ್ಲಿ ಚಿಲ್ಲರೆ ಹಣದುಬ್ಬರ ಶೇ 2.1ಕ್ಕೆ ಬಂದಿತ್ತು.

2019ರ ಅಕ್ಟೋಬರ್‌ನಿಂದೀಚೆಗೆ ಬ್ಯಾಂಕುಗಳು ಬದಲಾಗುವ ದರದಲ್ಲಿ ಕೊಡುವ ಹೊಸ ಗೃಹಸಾಲಗಳು ರೆಪೊದಂಥ ಹೊರಗಿನ ದರಕ್ಕೆ ಜೋಡಣೆಯಾಗಿವೆ. ರೆಪೊ ಇಳಿದರೆ ಸಾಲದ ಬಡ್ಡಿ ಬೇಗ ಇಳಿಯುತ್ತದೆ, ಬ್ಯಾಂಕಿನ ಆದಾಯ ಕುಗ್ಗುತ್ತದೆ. ಆ ಕೊರತೆಯನ್ನು ತುಂಬಿಕೊಳ್ಳುವುದು ಠೇವಣಿದಾರನಿಗೆ ಕೊಡುವ ಬಡ್ಡಿಯನ್ನು ಕಡಿಮೆ ಮಾಡಿ. ಭಾರತೀಯ ಸ್ಟೇಟ್ ಬ್ಯಾಂಕಿನ ಉಳಿತಾಯ ಖಾತೆಯ ಬಡ್ಡಿ 2025ರ ಜೂನ್‌ನಲ್ಲಿ ಶೇ 2.5ಕ್ಕೆ ಬಂದು ನಿಂತಿತು.

ಇದು ಹೊಸದೇನೂ ಅಲ್ಲ. 2020ರ ಮೇ ತಿಂಗಳಿನಿಂದ ಎರಡು ವರ್ಷ ರೆಪೊ ಶೇ 4ರಲ್ಲೇ ಇತ್ತು. 2022ರ ಮೇನಲ್ಲಿ ಏರತೊಡಗಿ 2023ರ ಫೆಬ್ರುವರಿಗೆ 6.50 ಮುಟ್ಟಿತು. ಆ ಎರಡು ವರ್ಷಗಳಲ್ಲಿ ಕಂಗಾಲಾಗಿ ಸಿಕ್ಕಸಿಕ್ಕಲ್ಲಿ ಹಣ ಹಾಕಿದವರು ಈಗಲೂ ಪರಿತಪಿಸುತ್ತಿದ್ದಾರೆ.

ಈಗಾಗಲೇ ಇಟ್ಟಿರುವ ಠೇವಣಿಯ ಬಡ್ಡಿಯೂ ಇಳಿಯುತ್ತದೆಯೇ?

ಇಲ್ಲ. ರಸೀದಿಯಲ್ಲಿ ಬರೆದ ದರ ಮುದ್ದತು ಮುಗಿಯುವವರೆಗೂ ನಿಮ್ಮದೇ. ಹೀಗಾಗಿ ಹೆಚ್ಚಿನ ದರದ ಹಳೆಯ ಠೇವಣಿಯನ್ನು ಸಣ್ಣಪುಟ್ಟ ಕಾರಣಕ್ಕೆ ಮುರಿಯಬೇಡಿ. ತುರ್ತಿಗೆ ಹಣ ಬೇಕಾದರೆ ಅದರ ಮೇಲೆ ಸಾಲ ಪಡೆಯಬಹುದು. ಸಾಮಾನ್ಯವಾಗಿ ಠೇವಣಿಯ ದರಕ್ಕಿಂತ ಒಂದೆರಡು ಶೇಕಡಾ ಹೆಚ್ಚು ಬಡ್ಡಿ ಬೀಳುತ್ತದೆ.

ಮುದ್ದತು ಮುಗಿಯುವ ದಿನಾಂಕದ ಮೇಲೆ ಕಣ್ಣಿರಲಿ. ತಾನಾಗಿ ನವೀಕರಣವಾಗಲಿ ಎಂದು ಹೇಳಿದ್ದರೆ ಆ ದಿನದ ಹೊಸ ದರಕ್ಕೆ, ಹಳೆಯ ಅವಧಿಗೇ ಮತ್ತೆ ಕಟ್ಟಿಕೊಳ್ಳುತ್ತದೆ. ಹಾಗೆ ಹೇಳದೆ ಮರೆತುಬಿಟ್ಟರೆ ಇನ್ನೂ ನಷ್ಟ. 2021ರ ಜುಲೈನ ರಿಸರ್ವ್ ಬ್ಯಾಂಕ್ ನಿಯಮದಂತೆ, ಅವಧಿ ಮುಗಿದೂ ಬ್ಯಾಂಕಿನಲ್ಲೇ ಉಳಿದ ಹಣಕ್ಕೆ ಉಳಿತಾಯ ಖಾತೆಯ ದರ ಅಥವಾ ಹಳೆಯ ಠೇವಣಿಯ ದರ, ಎರಡರಲ್ಲಿ ಯಾವುದು ಕಡಿಮೆಯೋ ಅದು ಸಿಗುತ್ತದೆ.

ಸರಿ, ಹಾಗಾದರೆ ಹಣ ಎಲ್ಲಿಡಬೇಕು?

ಎಲ್ಲರೂ ಈ ಪ್ರಶ್ನೆಯಿಂದ ಶುರು ಮಾಡುತ್ತಾರೆ, ಮೊದಲ ಎಡವಟ್ಟು ಆಗುವುದೂ ಇಲ್ಲೇ. ಎಲ್ಲಿಡಬೇಕು ಎನ್ನುವ ಮೊದಲು ಈ ಹಣ ಯಾವಾಗ ಬೇಕು ಎಂದು ಕೇಳಿಕೊಳ್ಳಬೇಕು. ಅದಕ್ಕೆ ಉತ್ತರ ಸಿಕ್ಕರೆ ಜಾಗವನ್ನು ಆರಿಸುವುದು ಮುಕ್ಕಾಲು ಪಾಲು ಮುಗಿದಂತೆ.

ಒಂದು ಹಾಳೆಯ ಮೇಲೆ ಬರೆದು ನೋಡಿ. ಆಸ್ಪತ್ರೆ, ಕೆಲಸ ಹೋಗುವುದು, ಮನೆ ರಿಪೇರಿ ಇಂಥದ್ದಕ್ಕೆ ಆರು ತಿಂಗಳ ಖರ್ಚಿನಷ್ಟು ಹಣ ನಾಳೆ ಬೆಳಗ್ಗೆಯೇ ಕೈಗೆ ಸಿಗಬೇಕು. ಅದಕ್ಕೆ ಬಡ್ಡಿ ಎಷ್ಟು ಎಂದು ಲೆಕ್ಕ ಹಾಕುತ್ತ ಕೂರಬೇಡಿ. ಉಳಿತಾಯ ಖಾತೆಯಲ್ಲಿ ಸ್ವಲ್ಪ, ಯಾವಾಗ ಬೇಕಾದರೂ ಮುರಿಯಬಹುದಾದ ಠೇವಣಿಯಲ್ಲಿ ಉಳಿದದ್ದು, ಅಷ್ಟೇ. ಎರಡು ಮೂರು ವರ್ಷದಲ್ಲಿ ಬೇಕಾಗುವ ಹಣ, ಅಂದರೆ ಮಗಳ ಕಾಲೇಜು ಶುಲ್ಕ, ನಿವೇಶನದ ಮುಂಗಡ ಇಂಥವು, ಬ್ಯಾಂಕ್ ಅಥವಾ ಅಂಚೆ ಠೇವಣಿಯಲ್ಲೇ ಇರಲಿ. ಐದು ವರ್ಷ ಮುಟ್ಟದ ಹಣಕ್ಕೆ ಅಂಚೆ ಕಚೇರಿಯ ಯೋಜನೆಗಳಿವೆ. ಹತ್ತು ಹದಿನೈದು ವರ್ಷ ಮುಟ್ಟದ ಹಣಕ್ಕೆ ಮಾತ್ರ ಏರಿಳಿತದ ಜಾಗಗಳತ್ತ ನೋಡಬಹುದು.

ಶೇ 1ರ ವ್ಯತ್ಯಾಸದ ಬೆನ್ನು ಹತ್ತಿ ನಾಳೆ ಬೇಕಾದ ಹಣವನ್ನು ಐದು ವರ್ಷ ಕಟ್ಟಿಹಾಕಿದವರನ್ನು ನಾನು ಕಂಡಿದ್ದೇನೆ. ಮುರಿಯುವಾಗ ಕಳೆದುಕೊಂಡದ್ದು ಅವರು ಗಳಿಸಬೇಕೆಂದಿದ್ದ ಆ ಒಂದಕ್ಕಿಂತ ಹೆಚ್ಚು.

ಅಂಚೆ ಕಚೇರಿಯಲ್ಲಿ ನಿಜವಾಗಿಯೂ ಹೆಚ್ಚು ಬಡ್ಡಿ ಇದೆಯೇ?

ಇದೆ. ಸಣ್ಣ ಉಳಿತಾಯಗಳ ದರವನ್ನು ಕೇಂದ್ರ ಸರ್ಕಾರ ಮೂರು ತಿಂಗಳಿಗೊಮ್ಮೆ ಪರಿಶೀಲಿಸುತ್ತದೆ. ರೆಪೊ ನಾಲ್ಕು ಬಾರಿ ಇಳಿದರೂ 2025ರಲ್ಲಿ ಈ ದರಗಳನ್ನು ಮುಟ್ಟಲಿಲ್ಲ. ರಾಷ್ಟ್ರೀಯ ಉಳಿತಾಯ ಪತ್ರ ಶೇ 7.7, ಕಿಸಾನ್ ವಿಕಾಸ ಪತ್ರ 7.5, ಐದು ವರ್ಷದ ಅಂಚೆ ಠೇವಣಿ 7.5, ಮಾಸಿಕ ಆದಾಯ ಯೋಜನೆ 7.4, ಸಾರ್ವಜನಿಕ ಭವಿಷ್ಯ ನಿಧಿ 7.1, ಹಿರಿಯ ನಾಗರಿಕರ ಉಳಿತಾಯ ಯೋಜನೆ ಮತ್ತು ಸುಕನ್ಯಾ ಸಮೃದ್ಧಿ ಎರಡೂ 8.2.

ಇಲ್ಲಿ ಹೆಚ್ಚಿನವರು ಗಮನಿಸದ ಒಂದು ಭೇದವಿದೆ, ಬಡ್ಡಿ ಇಳಿಯುವ ಕಾಲದಲ್ಲಿ ಅದೇ ಮುಖ್ಯ. ಉಳಿತಾಯ ಪತ್ರ, ಅಂಚೆ ಠೇವಣಿ, ಮಾಸಿಕ ಆದಾಯ, ಹಿರಿಯ ನಾಗರಿಕರ ಯೋಜನೆ ಇವುಗಳಲ್ಲಿ ಹಣ ಇಟ್ಟ ದಿನದ ದರ ಅವಧಿ ಮುಗಿಯುವವರೆಗೂ ಗಟ್ಟಿ. ನಾಳೆಯೇ ಸರ್ಕಾರ ದರ ಇಳಿಸಿದರೂ ನಿಮ್ಮ ಪಾಸ್‌ಬುಕ್ಕಿಗೆ ಅದು ತಟ್ಟುವುದಿಲ್ಲ. ಉಳಿತಾಯ ಪತ್ರಕ್ಕೆ ಇಂದು ಒಂದು ಲಕ್ಷ ಹಾಕಿದರೆ ಐದು ವರ್ಷಕ್ಕೆ 1,44,903 ರೂಪಾಯಿ ಎಂದು ಇಂದೇ ಬರೆದಿಟ್ಟುಕೊಳ್ಳಬಹುದು. ಭವಿಷ್ಯ ನಿಧಿ ಮತ್ತು ಸುಕನ್ಯಾ ಸಮೃದ್ಧಿ ಹಾಗಲ್ಲ. ದರ ಬದಲಾದರೆ ಹಳೆಯ ಹಣಕ್ಕೂ ಹೊಸ ದರವೇ ಅನ್ವಯ. ಭವಿಷ್ಯ ನಿಧಿಯ ದರ 2020ರ ಏಪ್ರಿಲ್‌ನಿಂದ 7.1ರಲ್ಲೇ ನಿಂತಿದೆ, ಆದರೆ ಅದು ಭರವಸೆಯಲ್ಲ. ಹಾಗಿದ್ದೂ ಅದನ್ನು ಬಿಡಬೇಡಿ ಎನ್ನುತ್ತೇನೆ, ಕಾರಣವನ್ನು ತೆರಿಗೆಯ ಪ್ರಶ್ನೆಯಲ್ಲಿ ಹೇಳುತ್ತೇನೆ. ಅದಕ್ಕೆ ತಿಂಗಳು ತಿಂಗಳು ಕಟ್ಟುವವರು 5ನೇ ತಾರೀಕಿನೊಳಗೆ ಕಟ್ಟಿ. 5ರ ನಂತರ ತಿಂಗಳ ಕೊನೆಯವರೆಗಿನ ಕನಿಷ್ಠ ಮೊತ್ತಕ್ಕೆ ಬಡ್ಡಿ ಲೆಕ್ಕವಾಗುವುದರಿಂದ, 6ಕ್ಕೆ ಕಟ್ಟಿದ ಹಣಕ್ಕೆ ಆ ತಿಂಗಳ ಬಡ್ಡಿ ಇಲ್ಲ.

ಅಂಚೆ ಯೋಜನೆಗಳಿಗೂ ಒಂದು ಮಿತಿಯಿದೆ: ನಡುವೆ ಮುರಿಯುವ ನಿಯಮಗಳು ಬ್ಯಾಂಕಿಗಿಂತ ಬಿಗಿ.

ನನಗೆ ಅರವತ್ತು ದಾಟಿದೆ, ಬಡ್ಡಿಯಿಂದಲೇ ಸಂಸಾರ. ಏನು ಮಾಡಲಿ?

ಮೊದಲು ಹಿರಿಯ ನಾಗರಿಕರ ಉಳಿತಾಯ ಯೋಜನೆಯನ್ನು ತುಂಬಿಸಿ. ಅಂಚೆ ಕಚೇರಿಯಲ್ಲೂ ಹಲವು ಬ್ಯಾಂಕುಗಳಲ್ಲೂ ಖಾತೆ ತೆರೆಯಬಹುದು. ಒಬ್ಬರಿಗೆ ಮಿತಿ 30 ಲಕ್ಷ ರೂಪಾಯಿ. 2023ರ ಬಜೆಟ್‌ಗೆ ಮೊದಲು ಇದು 15 ಲಕ್ಷವಿತ್ತು. ಅವಧಿ ಐದು ವರ್ಷ, ಆಮೇಲೆ ಮೂರು ವರ್ಷ ಮುಂದುವರಿಸಬಹುದು. ಬಡ್ಡಿ ಮೂರು ತಿಂಗಳಿಗೊಮ್ಮೆ ಕೈಗೆ ಬರುತ್ತದೆ.

ಒಂದು ಲೆಕ್ಕ ನೋಡೋಣ. ನಿವೃತ್ತರೊಬ್ಬರ ಬಳಿ 45 ಲಕ್ಷ ಇದೆ ಎಂದುಕೊಳ್ಳಿ. 30 ಲಕ್ಷ ಹಿರಿಯ ನಾಗರಿಕರ ಯೋಜನೆಗೆ ಹೋದರೆ ಮೂರು ತಿಂಗಳಿಗೆ 61,500, ಅಂದರೆ ತಿಂಗಳ ಲೆಕ್ಕದಲ್ಲಿ 20,500 ರೂಪಾಯಿ. ಮಾಸಿಕ ಆದಾಯ ಯೋಜನೆಗೆ ಒಬ್ಬರ ಮಿತಿಯಾದ 9 ಲಕ್ಷ ಹಾಕಿದರೆ ತಿಂಗಳಿಗೆ 5,550. ಒಟ್ಟು 26,050. ಉಳಿದ 6 ಲಕ್ಷ ಬ್ಯಾಂಕಿನಲ್ಲಿ ಆಪತ್ಕಾಲಕ್ಕೆ. ಅದೇ 39 ಲಕ್ಷವನ್ನು ಶೇ 6.75ರ ಬ್ಯಾಂಕ್ ಠೇವಣಿಯಲ್ಲಿ ಇಟ್ಟಿದ್ದರೆ ತಿಂಗಳಿಗೆ ಬರುತ್ತಿದ್ದದ್ದು ಸುಮಾರು 21,900. ತಿಂಗಳಿಗೆ ನಾಲ್ಕು ಸಾವಿರ ರೂಪಾಯಿಯ ಈ ವ್ಯತ್ಯಾಸಕ್ಕೆ ಯಾವ ಅಪಾಯವನ್ನೂ ಮೈಮೇಲೆ ಎಳೆದುಕೊಳ್ಳಬೇಕಾಗಿಲ್ಲ, ಒಂದು ದಿನ ಸಾಲಿನಲ್ಲಿ ನಿಂತರೆ ಸಾಕು. ಇಷ್ಟಾದರೂ ಬ್ಯಾಂಕಿನಲ್ಲೇ ಎಲ್ಲವನ್ನೂ ಬಿಟ್ಟಿರುವ ಹಿರಿಯರನ್ನು ಕಂಡಾಗ ನನಗೆ ಬೇಸರವಾಗುತ್ತದೆ. ಅವರಿಗೆ ಯಾರೂ ಹೇಳಿಲ್ಲ, ಅಷ್ಟೇ. ಗಂಡ ಹೆಂಡತಿ ಇಬ್ಬರಿಗೂ ಅರವತ್ತು ದಾಟಿದ್ದರೆ ಇಬ್ಬರೂ ಪ್ರತ್ಯೇಕವಾಗಿ 30 ಲಕ್ಷದವರೆಗೆ ಇಡಬಹುದು.

ದೀರ್ಘಾವಧಿಗೆ ಕಟ್ಟಿಹಾಕಲೇ, ಸಣ್ಣ ಅವಧಿಗೆ ಇಡಲೇ?

ಬಡ್ಡಿ ಇಳಿಯುತ್ತಿದೆ ಎಂದು ಖಚಿತವಾಗಿದ್ದರೆ ಉದ್ದದ ಅವಧಿಗೆ ಕಟ್ಟಿಹಾಕುವುದು ಜಾಣತನ. ಆದರೆ ಇಳಿಮುಖ ಎಲ್ಲಿ ತಿರುಗುತ್ತದೆ ಎಂದು ಯಾರೂ ಮುಂಚಿತವಾಗಿ ಹೇಳಲಾರರು. ಅದಕ್ಕೇ ಮೆಟ್ಟಿಲು ಕಟ್ಟುವ ಹಳೆಯ ಉಪಾಯ ಇಂದಿಗೂ ಒಳ್ಳೆಯದು. ಐದು ಲಕ್ಷವನ್ನು ಒಂದೇ ರಸೀದಿಯಲ್ಲಿ ಇಡದೆ, ಒಂದೊಂದು ಲಕ್ಷದ ಐದು ರಸೀದಿ ಮಾಡಿ ಒಂದು, ಎರಡು, ಮೂರು, ನಾಲ್ಕು, ಐದು ವರ್ಷಕ್ಕೆ ಇಡಿ. ಪ್ರತಿ ವರ್ಷ ಒಂದು ರಸೀದಿ ಬಲಿಯುತ್ತದೆ. ಆಗ ಹಣ ಬೇಕಿದ್ದರೆ ತೆಗೆದುಕೊಳ್ಳಿ, ಬೇಡವಾದರೆ ಮತ್ತೆ ಐದು ವರ್ಷಕ್ಕೆ ಹಾಕಿ. ದರ ಏರಿದರೆ ಒಂದು ಭಾಗಕ್ಕೆ ಏರಿದ ದರ ಸಿಗುತ್ತದೆ, ಇಳಿದರೆ ನಾಲ್ಕು ಭಾಗ ಹಳೆಯ ದರದಲ್ಲೇ ಉಳಿಯುತ್ತದೆ. ತುರ್ತು ಬಂದಾಗ ಇಡೀ ಗಂಟನ್ನು ಬಿಚ್ಚದೆ ಒಂದು ರಸೀದಿಯನ್ನಷ್ಟೇ ಮುರಿಯಬಹುದು ಎನ್ನುವುದು ಇದರ ದೊಡ್ಡ ಅನುಕೂಲ.

ನಮ್ಮೂರಿನ ಸಹಕಾರ ಸಂಘದಲ್ಲಿ ಶೇ 9, 10 ಕೊಡುತ್ತಾರೆ. ಇಡಬಹುದೇ?

ಈ ಪ್ರಶ್ನೆ ಬಂದಾಗಲೆಲ್ಲ ನಾನು ತಿರುಗಿ ಕೇಳುವುದು ಒಂದೇ: ಅದು ಬ್ಯಾಂಕೋ, ಸಂಘವೋ? ಫಲಕದ ಮೇಲಿನ ಹೆಸರು ಮೋಸ ಮಾಡುತ್ತದೆ.

ಬ್ಯಾಂಕ್ ಮುಳುಗಿದರೆ ಠೇವಣಿ ವಿಮಾ ನಿಗಮದಿಂದ ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ ಅಸಲು, ಬಡ್ಡಿ ಸೇರಿ 5 ಲಕ್ಷ ರೂಪಾಯಿವರೆಗೆ ಸಿಗುತ್ತದೆ. 2020ರ ಫೆಬ್ರುವರಿ 4ರವರೆಗೆ ಇದು ಬರೀ ಒಂದು ಲಕ್ಷವಿತ್ತು. ಈ ವಿಮೆ ಸರ್ಕಾರಿ, ಖಾಸಗಿ, ಸಣ್ಣ ಹಣಕಾಸು ಬ್ಯಾಂಕುಗಳಿಗೂ, ರಿಸರ್ವ್ ಬ್ಯಾಂಕಿನ ಪರವಾನಗಿ ಇರುವ ಸಹಕಾರಿ ಬ್ಯಾಂಕುಗಳಿಗೂ ಇದೆ. ಆದರೆ ಪತ್ತಿನ ಸಹಕಾರ ಸಂಘಗಳಿಗೆ, ಬ್ಯಾಂಕ್ ಅಲ್ಲದ ಸೌಹಾರ್ದ ಸಹಕಾರಿಗಳಿಗೆ ಇಲ್ಲ. ಅಲ್ಲಿ ಚೆನ್ನಾಗಿ ನಡೆಯುವ ಸಂಘಗಳು ಇಲ್ಲವೆಂದಲ್ಲ, ಹಳ್ಳಿಯ ರೈತನಿಗೆ ಹೊತ್ತಿಗೆ ಸಾಲ ಕೊಟ್ಟ ಸಂಘಗಳ ಬಗ್ಗೆ ನನಗೆ ಗೌರವವಿದೆ. ಆದರೆ ಎಡವಿ ಬಿದ್ದರೆ ಹಿಡಿಯುವ ಬಲೆ ಅಲ್ಲಿ ಇಲ್ಲ.

ವಿಮೆ ಇರುವ ಬ್ಯಾಂಕಿನಲ್ಲೂ ಹಣ ಸಿಕ್ಕಿಹಾಕಿಕೊಳ್ಳುವುದು ಸುಖದ ಮಾತಲ್ಲ. 2020ರ ಜನವರಿಯಲ್ಲಿ ಬೆಂಗಳೂರಿನ ಒಂದು ಸಹಕಾರಿ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿ, ಒಬ್ಬರು 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲ ಎಂದಿತು. ನಿವೃತ್ತಿಯ ಹಣವನ್ನೆಲ್ಲ ಹೆಚ್ಚಿನ ಬಡ್ಡಿಗೆಂದು ಅಲ್ಲೇ ಇಟ್ಟಿದ್ದವರು ಬಹಳ ಮಂದಿ. 2021ರ ತಿದ್ದುಪಡಿಯ ನಂತರ ಇಂಥ ನಿರ್ಬಂಧ ಬಿದ್ದ 90 ದಿನದೊಳಗೆ ವಿಮೆಯ ಹಣ ಕೊಡಬೇಕೆಂಬ ನಿಯಮ ಬಂದಿದೆ, ಅದೂ 5 ಲಕ್ಷದವರೆಗೆ ಮಾತ್ರ.

ಹೀಗಾಗಿ ಸಣ್ಣ ಹಣಕಾಸು ಬ್ಯಾಂಕಾಗಲಿ, ಸಹಕಾರಿ ಬ್ಯಾಂಕಾಗಲಿ, ಹೆಚ್ಚು ಬಡ್ಡಿ ಸಿಕ್ಕರೆ ಬೇಡವೆನ್ನಬೇಕಿಲ್ಲ. ಬಡ್ಡಿಯೂ ಸೇರಿ 5 ಲಕ್ಷ ದಾಟದಂತೆ ನಾಲ್ಕು ಲಕ್ಷದ ಆಸುಪಾಸಿನಲ್ಲಿ ನಿಲ್ಲಿಸಿ. ಬೇರೆ ಬೇರೆ ಶಾಖೆಗಳಲ್ಲಿ ಹಂಚಿದರೆ ಪ್ರಯೋಜನವಿಲ್ಲ, ಒಂದೇ ಬ್ಯಾಂಕಿನ ಎಲ್ಲ ಶಾಖೆಗಳೂ ಒಂದೇ ಲೆಕ್ಕಕ್ಕೆ ಬರುತ್ತವೆ.

ಕಂಪನಿಗಳ ಠೇವಣಿಗೂ ಈ ವಿಮೆ ಇಲ್ಲ. ತಿಂಗಳಿಗೆ ಶೇ 3, 4 ಕೊಡುತ್ತೇವೆ ಎನ್ನುವವರನ್ನು ಮನೆಯ ಹೊಸಿಲು ದಾಟಲು ಬಿಡಬೇಡಿ. ಬಡ್ಡಿಯ ಆಸೆಗೆ ಅಸಲನ್ನೇ ಕಳೆದುಕೊಂಡ ಕುಟುಂಬಗಳು ನಮ್ಮ ರಾಜ್ಯದ ಪ್ರತಿ ತಾಲ್ಲೂಕಿನಲ್ಲೂ ಇವೆ.

ಬ್ಯಾಂಕಿನಲ್ಲೇ ‘ಖಾತರಿ ಆದಾಯ’ದ ಯೋಜನೆ ಹೇಳುತ್ತಿದ್ದಾರೆ. ಠೇವಣಿಗಿಂತ ಒಳ್ಳೆಯದೇ?

ಅರ್ಜಿಯ ಮೇಲ್ಭಾಗದಲ್ಲಿ ಯಾರ ಹೆಸರಿದೆ ನೋಡಿ. ವಿಮಾ ಕಂಪನಿಯ ಹೆಸರಿದ್ದರೆ ಅದು ಠೇವಣಿಯಲ್ಲ, ಜೀವ ವಿಮೆ. ಚಿಕ್ಕಮ್ಮನಿಗೂ ಹೀಗೇ ಆಗುವುದರಲ್ಲಿತ್ತು. ಠೇವಣಿ ನವೀಕರಿಸಲು ಹೋದವರ ಮುಂದೆ ಒಂದು ಬ್ಯಾಂಕಿನ ಸಿಬ್ಬಂದಿ ಬಣ್ಣದ ಹಾಳೆ ಹರಡಿ, “ಅಮ್ಮಾ, ಇದರಲ್ಲಿ ಬಡ್ಡಿ ಇಳಿಯುವುದೇ ಇಲ್ಲ” ಎಂದರಂತೆ. ಮನೆಗೆ ತಂದ ಹಾಳೆಯನ್ನು ಓದಿದರೆ ವರ್ಷಕ್ಕೆ ಒಂದು ಲಕ್ಷದಂತೆ ಹತ್ತು ವರ್ಷ ಕಟ್ಟಬೇಕು ಎಂದಿತ್ತು. ಎಪ್ಪತ್ತೊಂದು ವರ್ಷದ, ಸಂಪಾದನೆಯಿಲ್ಲದ ಹೆಂಗಸಿಗೆ! ಈ ಬಗೆಯ ಪಾಲಿಸಿಗಳನ್ನು ಒಂದೆರಡು ವರ್ಷದಲ್ಲಿ ಬಿಟ್ಟರೆ ಕಟ್ಟಿದ್ದರಲ್ಲಿ ದೊಡ್ಡ ಪಾಲು ಕೈತಪ್ಪುತ್ತದೆ.

ಈಗಾಗಲೇ ಸಹಿ ಹಾಕಿದ್ದರೆ ಗಾಬರಿ ಬೇಡ. ಪಾಲಿಸಿ ಪತ್ರ ಕೈಗೆ ಬಂದ 30 ದಿನದೊಳಗೆ ಹಿಂದಿರುಗಿಸುವ ಹಕ್ಕು ನಿಮಗಿದೆ. ಕೆಲವು ಸಣ್ಣ ಕಡಿತಗಳು ಹೋಗಿ ಉಳಿದ ಹಣ ಬರುತ್ತದೆ. ಲಿಖಿತವಾಗಿ ಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ.

ರಿಸರ್ವ್ ಬ್ಯಾಂಕಿನ ಬಾಂಡ್ ಎಂದು ಕೇಳಿದ್ದೇನೆ. ಅದು ಹೇಗೆ?

ಬದಲಾಗುವ ದರದ ಉಳಿತಾಯ ಬಾಂಡ್ ಅದು. ಭಾರತ ಸರ್ಕಾರದ್ದು, ಹೊರಡಿಸುವುದು ರಿಸರ್ವ್ ಬ್ಯಾಂಕ್. ರಾಷ್ಟ್ರೀಯ ಉಳಿತಾಯ ಪತ್ರದ ದರಕ್ಕಿಂತ 0.35 ಹೆಚ್ಚು, ಅಂದರೆ 2025ರಲ್ಲಿ ಶೇ 8.05. ಕನಿಷ್ಠ 1,000 ರೂಪಾಯಿ, ಗರಿಷ್ಠ ಮಿತಿ ಇಲ್ಲ, ಅವಧಿ ಏಳು ವರ್ಷ. ಬಡ್ಡಿ ಜನವರಿ 1 ಮತ್ತು ಜುಲೈ 1ಕ್ಕೆ ಬರುತ್ತದೆ. ಹಿರಿಯರ ಯೋಜನೆಯ ಮಿತಿ ತುಂಬಿದವರಿಗೆ ಮುಂದಿನ ಜಾಗ ಇದು. ಆದರೆ ದರ ಆರು ತಿಂಗಳಿಗೊಮ್ಮೆ ಮರುನಿಗದಿಯಾಗುತ್ತದೆ, ಉಳಿತಾಯ ಪತ್ರದ ದರ ಇಳಿದರೆ ಇದೂ ಇಳಿಯುತ್ತದೆ. ಅರವತ್ತರ ಒಳಗಿನವರು ಏಳು ವರ್ಷಕ್ಕೆ ಮುಂಚೆ ಹಣ ತೆಗೆಯಲಾಗದು.

ಮ್ಯೂಚುವಲ್ ಫಂಡ್ ಮತ್ತು ಷೇರು?

ಸರ್ಕಾರ, ಕಂಪನಿಗಳ ಸಾಲಪತ್ರಗಳಲ್ಲಿ (ಬಾಂಡ್‌ಗಳಲ್ಲಿ) ಹಣ ಹಾಕುವ ಫಂಡ್ ಬ್ಯಾಂಕ್ ಠೇವಣಿಯಂತೆಯೇ ಎಂದು ಹೇಳುವವರನ್ನು ನಂಬಬೇಡಿ. ಬಡ್ಡಿ ಇಳಿದಾಗ ಹಳೆಯ ಸಾಲಪತ್ರಗಳ ಬೆಲೆ ಏರುವುದರಿಂದ ಈ ಫಂಡ್‌ಗಳು ಕೆಲಕಾಲ ಚೆನ್ನಾಗಿ ಕಾಣುತ್ತವೆ. ಬಡ್ಡಿ ಏರಿದಾಗ ಅದೇ ಏಟು ತಿರುಗಿ ಬೀಳುತ್ತದೆ. 2020ರ ಏಪ್ರಿಲ್‌ನಲ್ಲಿ ಒಂದು ದೊಡ್ಡ ಫಂಡ್ ಸಂಸ್ಥೆ ತನ್ನ ಆರು ಸಾಲಪತ್ರ ಯೋಜನೆಗಳನ್ನು ದಿಢೀರನೆ ಮುಚ್ಚಿದಾಗ ಹೂಡಿದವರು ತಮ್ಮದೇ ಹಣಕ್ಕೆ ಕಾಯುತ್ತ ಕೂರಬೇಕಾಯಿತು. 2023ರ ಏಪ್ರಿಲ್ 1ರ ನಂತರ ಕೊಂಡ ಇಂಥ ಫಂಡ್‌ಗಳಿಗೆ ತೆರಿಗೆಯ ರಿಯಾಯಿತಿಯೂ ಇಲ್ಲ.

ಷೇರು ಅಥವಾ ಷೇರಿನ ಫಂಡ್ ಹತ್ತು ಹದಿನೈದು ವರ್ಷ ಮುಟ್ಟದ ಹಣಕ್ಕೆ ಮಾತ್ರ. 2020ರ ಜನವರಿಯಿಂದ ಮಾರ್ಚ್ 23ರೊಳಗೆ ಸೆನ್ಸೆಕ್ಸ್ ಮೂರನೆಯ ಒಂದಕ್ಕಿಂತ ಹೆಚ್ಚು ಕುಸಿಯಿತು. ಆಮೇಲೆ ಏರಿತು, ನಿಜ. ಆದರೆ ಆ ಏಪ್ರಿಲ್‌ನಲ್ಲಿ ಮಗಳ ಮದುವೆಗೆ ಹಣ ತೆಗೆಯಬೇಕಿದ್ದವರಿಗೆ ಆಮೇಲಿನ ಏರಿಕೆಯಿಂದ ಏನೂ ಸಿಗಲಿಲ್ಲ.

ಚಿನ್ನ?

ಚಿನ್ನ ಬಡ್ಡಿ ತರುವುದಿಲ್ಲ, ಒಡವೆಯಾದರೆ ಮಜೂರಿ ಬೇರೆ ಹೋಗುತ್ತದೆ. ಬಡ್ಡಿ ಸಿಗುತ್ತಿದ್ದ ಸರ್ಕಾರದ ಚಿನ್ನದ ಬಾಂಡಿನ ಹೊಸ ವಿತರಣೆ 2024ರ ಫೆಬ್ರುವರಿಯ ನಂತರ ನಡೆದಿಲ್ಲ. ಒಟ್ಟು ಉಳಿತಾಯದಲ್ಲಿ ಹತ್ತರಲ್ಲೊಂದು ಭಾಗ ಇರಲಿ, ಬೆಲೆ ಏರುತ್ತಿದೆಯೆಂದು ಠೇವಣಿ ಮುರಿದು ಕೊಳ್ಳುವುದು ಬೇಡ.

ತೆರಿಗೆ ಹೋದ ಮೇಲೆ ಕೈಗೆ ಎಷ್ಟು ಉಳಿಯುತ್ತದೆ?

ಠೇವಣಿಯ ಬಡ್ಡಿ ನಿಮ್ಮ ಆದಾಯಕ್ಕೆ ಸೇರುತ್ತದೆ. ಶೇ 30ರ ಹಂತದಲ್ಲಿರುವವರಿಗೆ ಸೆಸ್ ಸೇರಿ ಶೇ 31.2 ಹೋಗುವುದರಿಂದ, ಶೇ 6.5ರ ಠೇವಣಿ ನಿಜಕ್ಕೂ ಕೊಡುವುದು ಶೇ 4.5ರಷ್ಟು. ಭವಿಷ್ಯ ನಿಧಿಯ 7.1ಕ್ಕೆ ತೆರಿಗೆಯೇ ಇಲ್ಲ. ಅದೇ ವ್ಯಕ್ತಿ ಠೇವಣಿಯಲ್ಲಿ ಅಷ್ಟು ಉಳಿಸಿಕೊಳ್ಳಲು ಶೇ 10ಕ್ಕಿಂತ ಹೆಚ್ಚು ಬಡ್ಡಿ ಬೇಕು. ವರ್ಷಕ್ಕೆ ಒಂದೂವರೆ ಲಕ್ಷದ ಮಿತಿ, ಹದಿನೈದು ವರ್ಷದ ಅವಧಿ ಇದ್ದರೂ ಅದನ್ನು ಬಿಡಬೇಡಿ ಎಂದದ್ದು ಇದಕ್ಕೇ. ಹತ್ತು ವರ್ಷದೊಳಗಿನ ಹೆಣ್ಣುಮಗು ಮನೆಯಲ್ಲಿದ್ದರೆ ಸುಕನ್ಯಾ ಸಮೃದ್ಧಿ ಇನ್ನೂ ಮೇಲು.

2025-26ನೇ ಸಾಲಿನಲ್ಲಿ ಒಂದು ಬ್ಯಾಂಕಿನ ಬಡ್ಡಿ ವರ್ಷಕ್ಕೆ 50,000, ಹಿರಿಯರಿಗೆ ಒಂದು ಲಕ್ಷ ದಾಟಿದರೆ ಬ್ಯಾಂಕೇ ಶೇ 10 ಮುರಿದುಕೊಳ್ಳುತ್ತದೆ. ತೆರಿಗೆ ಬೀಳದಷ್ಟು ಆದಾಯದವರು ಹಣಕಾಸು ವರ್ಷದ ಆರಂಭದಲ್ಲೇ ತೆರಿಗೆ ಮುರಿದುಕೊಳ್ಳಬೇಡಿ ಎನ್ನುವ ಘೋಷಣೆಯ ನಮೂನೆ (2025-26ರಲ್ಲಿ 15ಜಿ, ಹಿರಿಯರಾದರೆ 15ಎಚ್) ಕೊಡಬೇಕು.

ಗೃಹಸಾಲ ಇದೆ, ಠೇವಣಿಯೂ ಇದೆ. ಠೇವಣಿ ಮುರಿದು ಸಾಲ ತೀರಿಸಲೇ?

ಆಪತ್ಕಾಲದ ಹಣವನ್ನು ಬದಿಗಿಟ್ಟು, ಉಳಿದದ್ದರಲ್ಲಿ ತೀರಿಸಿ. ಶೇ 8ರ ಸಾಲ ಹೊತ್ತುಕೊಂಡು ಶೇ 6.5ರ ಠೇವಣಿ ಇಡುವುದರಲ್ಲಿ ಅರ್ಥವಿಲ್ಲ. ಬದಲಾಗುವ ದರದ ಗೃಹಸಾಲವನ್ನು ಮುಂಚೆ ತೀರಿಸಿದರೆ ದಂಡವಿಲ್ಲ.

ಇದೆಲ್ಲ ಇಟ್ಟ ಮೇಲೆ ಮನೆಯವರಿಗೆ ಹೇಳಬೇಕೇ?

ಹೇಳಲೇಬೇಕು. 2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ ನಾಲ್ವರವರೆಗೆ ನಾಮಿನಿ ಹಾಕಬಹುದು, ಯಾರಿಗೆ ಎಷ್ಟು ಪಾಲು ಎಂದೂ ಬರೆಯಬಹುದು. ಹಳೆಯ ರಸೀದಿಗಳನ್ನು ತೆಗೆದು ನಾಮಿನಿಯ ಜಾಗ ಖಾಲಿ ಇದೆಯೇ, ತೀರಿಹೋದವರ ಹೆಸರು ಉಳಿದಿದೆಯೇ ನೋಡಿ. ವಾರಸುದಾರರಿಲ್ಲದೆ ಹತ್ತು ವರ್ಷ ಬಿದ್ದಿದ್ದ ಠೇವಣಿಗಳನ್ನು ಹುಡುಕಲು ರಿಸರ್ವ್ ಬ್ಯಾಂಕ್ 2023ರಲ್ಲಿ ಉದ್ಗಮ್ ಎಂಬ ಜಾಲತಾಣವನ್ನೇ ತೆರೆಯಬೇಕಾಯಿತು.

ಚಿಕ್ಕಮ್ಮನ ರಸೀದಿಯಲ್ಲಿ ನಾಮಿನಿಯೆಂದು ಇದ್ದದ್ದು ಹನ್ನೊಂದು ವರ್ಷದ ಹಿಂದೆ ತೀರಿಕೊಂಡ ಚಿಕ್ಕಪ್ಪನ ಹೆಸರು. ಅದನ್ನು ಬದಲಿಸಲು ಒಂದು ಪುಟದ ಅರ್ಜಿ, ಹತ್ತು ನಿಮಿಷ ಹಿಡಿಯಿತು. ಈಗ ಅವರ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಪ್ರತಿ ಠೇವಣಿಯ ಜಾಗ, ಮೊತ್ತ, ಬಲಿಯುವ ದಿನಾಂಕ, ನಾಮಿನಿ ಇಷ್ಟನ್ನೂ ದೊಡ್ಡ ಅಕ್ಷರದಲ್ಲಿ ಬರೆದಿಟ್ಟಿದ್ದಾರೆ, ಅದು ಬೀರುವಿನ ಯಾವ ಅರೆಯಲ್ಲಿದೆ ಎಂದು ಮಗಳಿಗೂ ಗೊತ್ತು.